ಕ್ಯಾಮೆರಾ ಇಲ್ಲದ ದಿನ ಉಳಿಸಿದ ಹಾಳೆ

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಪಟ್ಟಣದ ನೆವಿಲ್ ಮೈದಾನದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆ ಎದುರು ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದರು. ಭಾರತದ ಕ್ರಿಕೆಟ್ಟನ್ನು ಬದಲಿಸಿದ ಆಟ ಅದು. ಆದರೆ ಅದರ ಒಂದೇ ಒಂದು ಎಸೆತವನ್ನೂ ಇಂದು ಪರದೆಯ ಮೇಲೆ ನೋಡಲಾಗದು. ಬಿಬಿಸಿಯ ಕ್ಯಾಮೆರಾ ಅಂದು ಅಲ್ಲಿರಲಿಲ್ಲ. ನೌಕರರ ಮುಷ್ಕರವೇ ಕಾರಣವೆಂಬ ಮಾತು ಜನಜನಿತವಾಗಿದೆ. 2021ರಲ್ಲಿ ತೆರೆಕಂಡ '83' ಸಿನಿಮಾ ಮಾಡಿದವರು ಆ ಇನಿಂಗ್ಸನ್ನು ನಟರಿಂದ ಹೊಸದಾಗಿ ಆಡಿಸಬೇಕಾಯಿತು.

ಹಾಗಾದರೆ ಆ ಪಂದ್ಯದಿಂದ ನಮಗೆ ಉಳಿದದ್ದೇನು? ಕೆಲವು ಫೋಟೊಗಳಿವೆ, ಆಡಿದವರ ಮತ್ತು ನೋಡಿದವರ ನೆನಪುಗಳಿವೆ, ಸ್ಕೋರರ್‌ಗಳು ಬರೆದಿಟ್ಟ ಲೆಕ್ಕವಿದೆ. ನಲವತ್ತು ವರ್ಷಗಳಲ್ಲಿ ನೆನಪುಗಳು ಬೆಳೆದಿವೆ. ಒಬ್ಬರ ಬಾಯಲ್ಲಿ ಸಿಕ್ಸರ್ ಮೈದಾನದಾಚೆ ಬಿದ್ದರೆ, ಇನ್ನೊಬ್ಬರ ಬಾಯಲ್ಲಿ ಅದು ಊರನ್ನೇ ದಾಟುತ್ತದೆ. ಸ್ಕೋರ್ ಶೀಟ್ ಮಾತ್ರ ಬೆಳೆದಿಲ್ಲ. ಆರು ಸಿಕ್ಸರ್ ಎಂದು ಅಂದು ಬರೆದದ್ದು ಇಂದಿಗೂ ಆರೇ. ಅದನ್ನು ಎದುರಿಗಿಟ್ಟುಕೊಂಡು ಖಾಲಿ ಹಾಳೆಯ ಮೇಲೆ ಗೆರೆ ಎಳೆದು, ಪಂದ್ಯವನ್ನು ಮೊದಲಿನಿಂದ ನೀವೇ ಕೈಯಾರೆ ಬರೆದು ನೋಡಿ. ಕ್ಯಾಮೆರಾ ಕಾಣದ ಆ ದಿನ ಸಾಲುಸಾಲಾಗಿ ಎದ್ದು ನಿಲ್ಲುತ್ತದೆ.

ಸೊನ್ನೆ, ಆರು, ಆರು, ಒಂಬತ್ತು, ಹದಿನೇಳು

ಹಾಳೆಯ ಕೆಳಗೆ ವಿಕೆಟ್ ಬಿದ್ದಾಗಿನ ಮೊತ್ತ ಬರೆಯುವ ಸಾಲು ಒಂದಿರುತ್ತದೆ. ಕಣ್ಣು ಮೊದಲು ಹೋಗಬೇಕಾದದ್ದು ಅಲ್ಲಿಗೆ. 0, 6, 6, 9, 17. ಲೆಕ್ಕ ತೆರೆಯುವ ಮೊದಲೇ ಒಂದು ವಿಕೆಟ್ ಹೋಯಿತು. ಆರು ರನ್ನಿಗೆ ಎರಡು ಸಲ ವಿಕೆಟ್ ಎಂದರೆ, ಹೊಸಬರು ಬಂದ ಮೇಲೆ ಮೊತ್ತ ಒಂದು ರನ್ನೂ ಏರದೆ ಮತ್ತೊಬ್ಬರು ಹೊರಟರೆಂದು ಅರ್ಥ. ಗಾವಸ್ಕರ್ 0, ಶ್ರೀಕಾಂತ್ 0, ಮೊಹಿಂದರ್ ಅಮರನಾಥ್ 5, ಸಂದೀಪ್ ಪಾಟೀಲ್ 1, ಯಶಪಾಲ್ ಶರ್ಮಾ 9.

ಇನ್ನು ಅವರು ಔಟಾದ ಬಗೆ ನೋಡಿ. ಐವರಲ್ಲಿ ಮೂವರ ಮುಂದೆ ವಿಕೆಟ್ ಕೀಪರ್ ಡೇವ್ ಹೌಟನ್ ಹೆಸರಿದೆ. ಗಾವಸ್ಕರ್ ಎಲ್‌ಬಿಡಬ್ಲ್ಯು. ಬೌಲರ್‌ಗಳು ಇಬ್ಬರೇ: ಪೀಟರ್ ರಾಸನ್ ಮೂರು, ಕೆವಿನ್ ಕರನ್ ಎರಡು. ಮೂರು ಚೆಂಡು ಬ್ಯಾಟಿನ ಅಂಚು ಸವರಿ ಹಿಂದೆ ಹೋಗಿವೆ, ಒಂದು ಕಾಲಿಗೆ ಬಡಿದಿದೆ. ಆ ಬೆಳಿಗ್ಗೆ ಚೆಂಡು ಗಾಳಿಯಲ್ಲೋ ಪಿಚ್ ಮೇಲೋ ಚೆನ್ನಾಗಿ ಹೊರಳುತ್ತಿತ್ತೆಂದು ಯಾರೂ ಹೇಳದೆಯೇ ತಿಳಿಯುತ್ತದೆ. ಹವಾಮಾನಕ್ಕೆಂದು ಸ್ಕೋರರ್ ಬೇರೆ ಸಾಲು ಬರೆಯದಿದ್ದರೂ ಅದು ಈ ಹೆಸರುಗಳ ನಡುವೆ ಅಡಗಿ ಕೂತಿರುತ್ತದೆ.

ಆರನೇ ವಿಕೆಟ್ ಬಿದ್ದದ್ದು 77ಕ್ಕೆ. 17ರಿಂದ 77ರವರೆಗಿನ ಅರವತ್ತು ರನ್ನಿನ ಹೊತ್ತಿನಲ್ಲಿ ಕಪಿಲ್ ಜೊತೆಗೆ ನಿಂತವರು ಬೆಂಗಳೂರಿನ ರೋಜರ್ ಬಿನ್ನಿ. ಅವರ ಹೆಸರಿನ ಮುಂದೆ 22 ಇದೆ. ಪತ್ರಿಕೆಯ ಶೀರ್ಷಿಕೆಗೆ ಬರುವ ಸಂಖ್ಯೆಯಲ್ಲ ಅದು. ಆದರೆ ಮೇಲಿನ ಐವರೂ ಸೇರಿ ಹೊಡೆದದ್ದು ಹದಿನೈದು. ಬಿನ್ನಿ ಒಬ್ಬರೇ ಅದಕ್ಕಿಂತ ಏಳು ಹೆಚ್ಚು ಹೊಡೆದರು. ಅವರು ಹೋದ ಬೆನ್ನಲ್ಲೇ 78ಕ್ಕೆ ಏಳನೇ ವಿಕೆಟ್. ರವಿ ಶಾಸ್ತ್ರಿಯ ಮುಂದೆ 1 ಇದೆ. ಆ ಜೊತೆಯಾಟದ ಒಟ್ಟು ರನ್ನೂ ಒಂದೇ. ನಂತರ ಮದನ್ ಲಾಲ್ ಹದಿನೇಳು ರನ್ ಹೊಡೆದು ಹೋಗುವಾಗ ಮೊತ್ತ 140.

ಕಿರ್ಮಾನಿಯ ಇಪ್ಪತ್ತನಾಲ್ಕು

ಆಮೇಲೆ ವಿಕೆಟ್ಟಿನ ಸಾಲು ಖಾಲಿ. 140ರಿಂದ 266ರವರೆಗೆ ಇನ್ಯಾರೂ ಔಟಾಗಲಿಲ್ಲ. ಆಗ ಕ್ರೀಸಿಗೆ ಬಂದವರು ಕರ್ನಾಟಕದ ಇನ್ನೊಬ್ಬ ಆಟಗಾರ, ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಬಂತು. ಏಕದಿನ ಪಂದ್ಯಗಳಲ್ಲಿ ಒಂಬತ್ತನೇ ವಿಕೆಟ್ಟಿನ ಈ ದಾಖಲೆಯನ್ನು 2010ರಲ್ಲಿ ಶ್ರೀಲಂಕಾದ ಮ್ಯಾಥ್ಯೂಸ್ ಮತ್ತು ಮಾಲಿಂಗ ಮುರಿಯುವವರೆಗೆ ಯಾರೂ ಮುಟ್ಟಲಿಲ್ಲ.

126ರಲ್ಲಿ ಕಿರ್ಮಾನಿಯದು 24. ಅಷ್ಟಕ್ಕೆ ಅವರು ಎದುರಿಸಿದ್ದು 56 ಎಸೆತ. ನಿಧಾನದ ಆಟವೆಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಅವರ ಸಾಲಿನಲ್ಲಿ ರನ್ ಬಾರದ ಎಸೆತಕ್ಕೆ ಬಿದ್ದ ಒಂದೊಂದು ಚುಕ್ಕೆಯೂ ಒಂದು ವಿಕೆಟ್ ಉಳಿದ ಗುರುತು. ಕಿರ್ಮಾನಿ ಔಟಾದರೆ ಉಳಿದಿದ್ದವರು ಒಬ್ಬರೇ, ಬಲ್ವಿಂದರ್ ಸಂಧು. ಹೊಡೆಯುವವರ ಕತೆಯನ್ನು ಊರೆಲ್ಲ ಹೇಳುತ್ತದೆ. ನಿಂತು ಕಾದವರ ಕತೆಯನ್ನು ಹೇಳುವುದು ಸ್ಕೋರ್ ಶೀಟ್ ಮಾತ್ರ.

ಕಪಿಲ್ ಅವರ ಸಾಲು ಇನ್ನೊಂದು ಮಾತನ್ನೂ ಹೇಳುತ್ತದೆ. 138 ಎಸೆತ, 16 ಬೌಂಡರಿ, 6 ಸಿಕ್ಸರ್. ಬೌಂಡರಿಗಳಿಂದ 64, ಸಿಕ್ಸರ್‌ಗಳಿಂದ 36, ಕೂಡಿದರೆ ಸರಿಯಾಗಿ ನೂರು. ಈ ನೂರು ಬಂದದ್ದು 22 ಎಸೆತಗಳಿಂದ. ಉಳಿದ 75 ರನ್ನನ್ನು ಅವರು ಓಡಿ ಗಳಿಸಿದರು, ಅದಕ್ಕೆ 116 ಎಸೆತ ಬೇಕಾದವು. ಸಿನಿಮಾದಲ್ಲಿ ನಮ್ಮ ಕಣ್ಣು ತುಂಬುವುದು ಆ 22 ಎಸೆತ. ಇನಿಂಗ್ಸ್ ಕಟ್ಟಿದ್ದು ಮಾತ್ರ ಉಳಿದ 116. ಆಗಿನ ಏಕದಿನ ಕ್ರಿಕೆಟ್ಟಿನಲ್ಲಿ 175 ವಿಶ್ವದಾಖಲೆಯಾಯಿತು. ಮರುವರ್ಷ ವಿವ್ ರಿಚರ್ಡ್ಸ್ 189 ಹೊಡೆದು ಅದನ್ನು ಮೀರಿದರು.

ಎರಡೂ ಕಡೆಯಿಂದ ಕೂಡಬೇಕಾದ ಲೆಕ್ಕ

ಕ್ರಿಕೆಟ್ ನಿಯಮದ ಪ್ರಕಾರ ಪಂದ್ಯಕ್ಕೆ ಇಬ್ಬರು ಸ್ಕೋರರ್ ಇರಬೇಕು. ಅಂಪೈರ್ ತೋರಿಸುವ ಪ್ರತಿಯೊಂದು ಸನ್ನೆಗೂ ಅವರು ಕೈಯೆತ್ತಿ ಒಪ್ಪಿಗೆ ಕೊಡಬೇಕು. ಇಬ್ಬರೂ ಆಗಾಗ ಪರಸ್ಪರ ಲೆಕ್ಕ ಕೂಡಿಸಿ ನೋಡಬೇಕು. ಒಂದೇ ಎಸೆತ ಹಾಳೆಯಲ್ಲಿ ಕನಿಷ್ಠ ಮೂರು ಕಡೆ ದಾಖಲಾಗುತ್ತದೆ: ಬ್ಯಾಟ್ಸ್‌ಮನ್ನನ ಸಾಲಿನಲ್ಲಿ, ಬೌಲರನ ಚೌಕದಲ್ಲಿ, ಒಟ್ಟು ಮೊತ್ತದಲ್ಲಿ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ.

ಟನ್‌ಬ್ರಿಜ್ ವೆಲ್ಸ್‌ನ ಹಾಳೆಯನ್ನೇ ಕೂಡಿಸಿ ನೋಡೋಣ. ಭಾರತದ ಬ್ಯಾಟ್ಸ್‌ಮನ್ನರ ರನ್ 0, 0, 5, 1, 9, 175, 22, 1, 17, 24. ಒಟ್ಟು 254. ಇತರೆ ರನ್ 12. ಮೊತ್ತ 266. ಈಗ ಬೌಲಿಂಗ್ ಕಡೆಯಿಂದ ಬನ್ನಿ. ರಾಸನ್ 47, ಕರನ್ 65, ಬುಚಾರ್ಟ್ 38, ಫ್ಲೆಚರ್ 59, ಟ್ರೈಕಾಸ್ 45. ಕೂಡಿದರೆ ಅದೂ 254. ವೈಡನ್ನು ಬೌಲರನ ಖಾತೆಗೆ ಹಾಕದ ಕಾಲವದು. ಆದ್ದರಿಂದ ಅದೇ 12 ಸೇರಿಸಿದರೆ ಮತ್ತೆ 266. ಪೇಟೆಯ ಅಂಗಡಿಯಲ್ಲಿ ಜಮೆ–ಖರ್ಚು ಬರೆದು ಬಲ್ಲವರಿಗೆ ಈ ಸಮಾಧಾನ ಬೇರೆಯಾಗಿ ವಿವರಿಸಬೇಕಿಲ್ಲ.

ಬೌಲಿಂಗ್ ಪಟ್ಟಿಯಲ್ಲಿ ಇನ್ನೊಂದು ವಿಷಯವಿದೆ. ಐವರೂ ತಲಾ 12 ಓವರ್ ಹಾಕಿ ಅರವತ್ತನ್ನು ಮುಗಿಸಿದ್ದಾರೆ, ಆರನೆಯ ಹೆಸರೇ ಇಲ್ಲ. ಬೌಲರ್‌ಗಳನ್ನು ಎಷ್ಟು ಬದಲಿಸಿದರೂ ನಾಯಕ ಡಂಕನ್ ಫ್ಲೆಚರ್ ತಮ್ಮನ್ನೂ ಸೇರಿಸಿ ಅದೇ ಐವರೊಳಗೆ ಸುತ್ತಿದರೆಂದು ಗೊತ್ತಾಗುತ್ತದೆ. ಮುಂದೆ ಜಿಂಬಾಬ್ವೆ 235ಕ್ಕೆ ಆಲೌಟ್ ಆಯಿತು. ಬೌಲಿಂಗ್‌ನಲ್ಲಿ ಮೂರು ವಿಕೆಟ್ ಕಿತ್ತಿದ್ದ ಕರನ್ ಬ್ಯಾಟಿಂಗ್‌ನಲ್ಲೂ 73 ಹೊಡೆದು ಗೆಲುವಿನತ್ತ ಎಳೆದಾಡಿದರು. ಬಿನ್ನಿ 45 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಭಾರತ ಗೆದ್ದದ್ದು 31 ರನ್ನಿನಿಂದ. ಏಳು ದಿನಗಳ ನಂತರ, ಜೂನ್ 25ರಂದು, ಲಾರ್ಡ್ಸ್‌ನಲ್ಲಿ ಕಪಿಲ್ ಕೈಗೆ ವಿಶ್ವಕಪ್ ಬಂತು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ.

ಚುಕ್ಕೆಯ ಭಾಷೆ

ಖಣದ ಬಟ್ಟೆ ನೇಯುವ ನಮ್ಮ ಗುಳೇದಗುಡ್ಡದಲ್ಲಿ ಬೆಳೆದವರಿಗೆ ಸ್ಕೋರ್ ಶೀಟ್ ಓದುವುದು ಕಷ್ಟವಾಗಬಾರದು. ಖಣದ ನಕ್ಷೆ ಕಾಗದದ ಮೇಲೆ ಚೌಕ ಚೌಕವಾಗಿ ಇಳಿಯುತ್ತದೆ. ಯಾವ ಚೌಕ ತುಂಬಿದೆ, ಯಾವುದು ಖಾಲಿ ಎಂಬುದನ್ನು ನೋಡಿಯೇ ನುರಿತ ನೇಕಾರರು ಬಟ್ಟೆಯ ಮೇಲೆ ಏನು ಮೂಡುತ್ತದೆಂದು ಹೇಳಬಲ್ಲರು. ಸ್ಕೋರರನ ಚೌಕಗಳನ್ನೂ ಹಾಗೆಯೇ ಓದಬೇಕು. ರನ್ ಇಲ್ಲದ ಎಸೆತಕ್ಕೆ ಚುಕ್ಕೆ. ಬೈ ರನ್ನಿಗೆ ತ್ರಿಕೋನ, ಲೆಗ್ ಬೈಗೆ ಅದೇ ತ್ರಿಕೋನ ತಲೆಕೆಳಗು. ವೈಡಿಗೆ ಕೂಡುವ ಗುರುತು, ನೋಬಾಲಿಗೆ ಸುತ್ತು. ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ 'ಎಂ' ಅಕ್ಷರ ಮಾಡುತ್ತಾರೆ, ಅದು ಮೇಡನ್. ಮೇಡನ್ನಿನಲ್ಲಿ ವಿಕೆಟ್ಟೂ ಬಿದ್ದರೆ ಗೆರೆ ತಿರುವಿ 'ಡಬ್ಲ್ಯು' ಮಾಡುತ್ತಾರೆ.

ಈ ಚುಕ್ಕೆಗಳ ಬೆಲೆ ತಿಳಿಯಲು ನಮ್ಮ ಪಕ್ಕದ ಜಿಲ್ಲೆಯ ಬೌಲರೊಬ್ಬರ ಲೆಕ್ಕವೇ ಸಾಕು. ಗುಳೇದಗುಡ್ಡ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಬಾದಾಮಿ, ಹೊಳೆಆಲೂರು ದಾಟಿ ಗದಗ. ಅಲ್ಲಿಂದ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದ ಹುಡುಗ ಸುನಿಲ್ ಜೋಶಿ. 1999ರ ಸೆಪ್ಟೆಂಬರ್ 26ರಂದು ನೈರೋಬಿಯ ಏಕದಿನ ಟೂರ್ನಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಅವರ ಬೌಲಿಂಗ್ ಲೆಕ್ಕ ಹೀಗಿದೆ: 10 ಓವರ್, 6 ಮೇಡನ್, 6 ರನ್, 5 ವಿಕೆಟ್.

ಇದನ್ನು ಬಿಡಿಸಿ ನೋಡಿ. ಆರು ಓವರಿನಲ್ಲಿ ರನ್ನೇ ಇಲ್ಲ. ಉಳಿದ ನಾಲ್ಕು ಓವರುಗಳಿಗೆ ಸೇರಿ ಆರು ರನ್. ಅವೆಲ್ಲ ಒಂದೊಂದಾಗಿ ಬಂದವೆಂದು ಲೆಕ್ಕ ಹಾಕಿದರೂ ಅರವತ್ತು ಎಸೆತಗಳಲ್ಲಿ ಕನಿಷ್ಠ 54 ಚುಕ್ಕೆ. ಎದುರಿಗಿದ್ದವರು ಸಾಮಾನ್ಯರಲ್ಲ. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದೊಂದಿಗೆ ಟೈ ಮಾಡಿಕೊಂಡು ಹೊರಬಿದ್ದ ತಂಡ ಅದು. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್ ಎಲ್ಲರೂ ಅಂದು ಜೋಶಿಗೆ ವಿಕೆಟ್ ಒಪ್ಪಿಸಿದರು. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್ಟಿನಿಂದ ಗೆದ್ದಿತು. ಅದೇ ಟೂರ್ನಿಯ ಫೈನಲ್ ಗೆದ್ದು ಕಪ್ ಒಯ್ದವರು ದಕ್ಷಿಣ ಆಫ್ರಿಕಾದವರು. ಆ ಕಪ್ ಈಗ ಹೆಚ್ಚಿನವರಿಗೆ ನೆನಪಿಲ್ಲ. ಗದಗಿನ ಹುಡುಗನ ಆ ನಾಲ್ಕು ಅಂಕಿಗಳನ್ನು ಮಾತ್ರ ನಮ್ಮ ಕಡೆಯ ಕ್ರಿಕೆಟ್ ಪ್ರೇಮಿಗಳು ಇಂದಿಗೂ ಬಾಯಿಪಾಠ ಹೇಳುತ್ತಾರೆ.

ಹಾಳೆ ಹೇಳದೆ ಉಳಿಸಿದ್ದು

ಸ್ಕೋರ್ ಶೀಟ್ ಎಲ್ಲವನ್ನೂ ಹೇಳುತ್ತದೆಂದು ನಾನು ವಾದಿಸುವುದಿಲ್ಲ. ಅದಕ್ಕೆ ಕಾಣದ್ದೂ ಬಹಳವಿದೆ, ಅದನ್ನು ತಿಳಿದೇ ಓದಬೇಕು.

1974ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ಬಾಂಬೆಯನ್ನು ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಸೋಲಿಸಿತು. 1958–59ರಿಂದ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ತಂಡ ಬಾಂಬೆ. ಕರ್ನಾಟಕದ 385ರಲ್ಲಿ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆ ಉತ್ತರ 307. ವಿಶ್ವನಾಥ್ ಎದುರಿಸಿದ ಮೊದಲ ಎಸೆತಕ್ಕೇ ಬಾಂಬೆಯ ಬೌಲರ್ ಅಬ್ದುಲ್ ಇಸ್ಮಾಯಿಲ್ ಎಲ್‌ಬಿಡಬ್ಲ್ಯುಗೆ ಜೋರಾಗಿ ಮನವಿ ಮಾಡಿದರು, ಅಂಪೈರ್ ಒಪ್ಪಲಿಲ್ಲ. ಹಾಳೆಯ ಮೇಲೆ ಅದು ಬರೀ ಒಂದು ಚುಕ್ಕೆ. ಆ ಚುಕ್ಕೆ ವಿಕೆಟ್ ಆಗಿದ್ದರೆ 162 ಇರುತ್ತಿರಲಿಲ್ಲ. ಕರ್ನಾಟಕದ ಮೊದಲ ರಣಜಿ ಟ್ರೋಫಿ ಆ ವರ್ಷ ಬರುತ್ತಿತ್ತೋ ಇಲ್ಲವೋ.

1981–82ರ ರಣಜಿ ಸೆಮಿಫೈನಲ್ ಕೂಡ ಬೆಂಗಳೂರಿನಲ್ಲೇ ನಡೆಯಿತು, ಎದುರಾಳಿಯೂ ಬಾಂಬೆಯೇ. ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಮೊದಲ ಇನಿಂಗ್ಸ್‌ನಲ್ಲಿ ಹ್ಯಾಟ್ರಿಕ್ ಸಹಿತ 8 ವಿಕೆಟ್ ಕಿತ್ತಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಗಾವಸ್ಕರ್ ಔಟಾಗದೆ 18 ಎಂದು ಹಾಳೆ ಹೇಳುತ್ತದೆ. ತಿರುಗುವ ಪಿಚ್ಚಿನ ಮೇಲೆ ಭಟ್ಟರನ್ನು ಎದುರಿಸುವಾಗ ಅವರು ಎಡಗೈಯಲ್ಲಿ ಬ್ಯಾಟ್ ಮಾಡಿದರೆಂಬುದನ್ನು ಯಾವ ಚೌಕವೂ ಹೇಳುವುದಿಲ್ಲ. ಅಂಥ ಕಡೆ ಹಾಳೆಯ ಅಂಚಿನಲ್ಲಿ ಒಂದು ಸಾಲು ಟಿಪ್ಪಣಿ ಬರೆದಿಡುವ ಸ್ಕೋರರ್ ಮುಂದಿನವರಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಬೇಸ್‌ಬಾಲ್ ಕಲಿಸುವ ಪಾಠ

ಹಳೆಯ ಹಾಳೆಗಳಿಗೆ ಎಷ್ಟು ಮರ್ಯಾದೆ ಸಲ್ಲಬೇಕೆಂದು ಅಮೆರಿಕದ ಬೇಸ್‌ಬಾಲ್ ಪ್ರಿಯರಿಂದ ಕಲಿಯಬಹುದು. ಆ ಆಟದ ಸ್ಕೋರ್ ಬರೆಯುವ ಪದ್ಧತಿಯನ್ನು ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ 1824ರಲ್ಲಿ ಹುಟ್ಟಿದವರು, ಕ್ರಿಕೆಟ್ ಆಡಿ ಬೆಳೆದವರು. ಕ್ರಿಕೆಟ್ಟಿನ ಲೆಕ್ಕದ ಬಗೆಯನ್ನೇ ಅವರು ಬೇಸ್‌ಬಾಲಿಗೆ ಒಗ್ಗಿಸಿದರು. ಬ್ಯಾಟ್ ಹಿಡಿದವನು ಮೂರು ಸ್ಟ್ರೈಕ್‌ಗೆ ಔಟಾದರೆ ಇಂದಿಗೂ ಬರೆಯುವ 'ಕೆ' ಗುರುತು ಅವರದೇ ಕೊಡುಗೆ.

ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಿಂದ ಬರೆದಿಟ್ಟ ಆಟದ ಪುಸ್ತಕಗಳು ಆ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿವೆ. 1846ರ ಜೂನ್ 19ರ ಪಂದ್ಯದ ಪುಟದಲ್ಲಿ, ಕೆಟ್ಟ ಮಾತಾಡಿದ ಆಟಗಾರನಿಗೆ ಆರು ಸೆಂಟ್ ದಂಡ ಹಾಕಿದ್ದೂ ದಾಖಲಾಗಿದೆ. 1989ರಲ್ಲಿ ಡೇವಿಡ್ ಸ್ಮಿತ್ ಎಂಬುವರು 'ರೆಟ್ರೊಶೀಟ್' ಎಂಬ ಸಂಸ್ಥೆ ಕಟ್ಟಿದರು. ತಂಡಗಳ ಕಪಾಟು, ವರದಿಗಾರರ ಪೆಟ್ಟಿಗೆ, ಅಭಿಮಾನಿಗಳ ಮನೆ ಎಲ್ಲೆಲ್ಲಿ ಕೈಬರಹದ ಹಾಳೆ ಸಿಕ್ಕೀತೋ ಅಲ್ಲೆಲ್ಲ ಸ್ವಯಂಸೇವಕರು ಹುಡುಕಿದರು. ಸಿಕ್ಕ ಗುರುತುಗಳನ್ನು ಬಿಡಿಸಿ, ದಶಕಗಳ ಹಿಂದಿನ ಪಂದ್ಯಗಳನ್ನು ಆಟ ಆಟವಾಗಿ ಮತ್ತೆ ಜೋಡಿಸಿದರು. ಅವರಿಗೆ ಬೇಕಾದದ್ದು ಒಂದೇ: ಅಂದು ಯಾರಾದರೂ ಬರೆದಿರಬೇಕು, ಬರೆದದ್ದನ್ನು ಯಾರಾದರೂ ಎಸೆಯದೆ ಇಟ್ಟಿರಬೇಕು.

ನಮ್ಮೂರಿನ ಹಾಳೆಗಳು ಎಲ್ಲಿ?

ಈ ಎರಡನೆಯ ಕೆಲಸದಲ್ಲೇ ನಾವು ಹಿಂದೆ ಬಿದ್ದಿದ್ದೇವೆ. ಬೇಸಿಗೆ ರಜೆ ಬಂತೆಂದರೆ ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ ಕಡೆ ಟೆನಿಸ್ ಬಾಲ್ ಪಂದ್ಯಾವಳಿಗಳು ಶುರುವಾಗುತ್ತವೆ. ಪೆಂಡಾಲ್ ಬೀಳುತ್ತದೆ, ಮೈಕಿನಲ್ಲಿ ವೀಕ್ಷಕ ವಿವರಣೆ ನಡೆಯುತ್ತದೆ, ಆಳೆತ್ತರದ ಟ್ರೋಫಿ ಮೇಜಿನ ಮೇಲೆ ಕೂರುತ್ತದೆ. ಮೇಜಿನ ಮೂಲೆಯಲ್ಲಿ ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಬಿಸಿಲಲ್ಲಿ ಪ್ರತಿ ಎಸೆತವನ್ನೂ ಬರೆಯುತ್ತಿರುತ್ತಾನೆ. ಟ್ರೋಫಿ ಗೆದ್ದವರ ಮನೆಗೆ ಹೋಗುತ್ತದೆ. ಮಳೆಗಾಲದ ಹೊತ್ತಿಗೆ ಆ ನೋಟ್‌ಬುಕ್ ರದ್ದಿಗೆ ಹೋಗುತ್ತದೆ. ಹೀಗೆ ನಮ್ಮ ಎಷ್ಟೋ ಒಳ್ಳೆಯ ಆಟಗಾರರ ಒಂದು ಅಂಕಿಯೂ ಉಳಿದಿಲ್ಲ.

ಇದು ಬರೀ ಕ್ರಿಕೆಟ್ಟಿನ ನಷ್ಟವಲ್ಲ. ಹಳೇ ಬಾಗಲಕೋಟೆಯ ಹಲವು ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಜನ ನವನಗರಕ್ಕೆ ಬಂದರು. ಬಿಟ್ಟುಬಂದ ಓಣಿಯ ಹುಡುಗರು ಯಾವ ಬಯಲಿನಲ್ಲಿ, ಯಾವ ತಂಡದ ಹೆಸರಿನಲ್ಲಿ, ಯಾರ ಜೊತೆ ಆಡಿದರೆಂಬುದಕ್ಕೆ ಒಂದು ಸ್ಕೋರ್ ಶೀಟ್ ಉಳಿದಿದ್ದರೆ ಅದು ಆಟದ ಲೆಕ್ಕಕ್ಕಿಂತ ದೊಡ್ಡ ದಾಖಲೆ. ಮೇಲ್ಭಾಗದಲ್ಲಿ ಬರೆದ ಸ್ಥಳದ ಹೆಸರು, ಎಡಬದಿಯ ಹನ್ನೊಂದು ಹೆಸರುಗಳು, ಕೆಳಗಿನ ಎರಡು ಸಹಿಗಳು ಒಂದು ಓಣಿಯನ್ನೇ ಹಿಡಿದಿಡಬಲ್ಲವು.

ಈಗ ಮೊಬೈಲ್ ಆ್ಯಪ್ ಬಂದಿದೆ, ಹುಡುಗರು ಅದರಲ್ಲೇ ಚುರುಕಾಗಿ ಸ್ಕೋರ್ ಹಾಕುತ್ತಾರೆ. ಅದು ಒಳ್ಳೆಯದೇ, ದೂರದೂರಿನವರೂ ಕೂಡಲೇ ನೋಡುತ್ತಾರೆ. ಆದರೆ ಆ ಲೆಕ್ಕ ಯಾರದೋ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಕಂಪನಿ ಬಾಗಿಲು ಹಾಕಿದರೆ, ಪಾಸ್‌ವರ್ಡ್ ಮರೆತರೆ, ಪಂದ್ಯವೂ ಹೋಯಿತು. ಆ್ಯಪ್ ಜೊತೆಗೆ ಕಾಗದವೂ ಇರಲಿ.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಪ್ರತಿ ಹಾಳೆಯ ಮೇಲೆ ದಿನ, ಇಸವಿ, ಊರು, ಮೈದಾನ, ತಂಡಗಳ ಹೆಸರು ಇರಲಿ. ಆಟಗಾರನ ಅಡ್ಡಹೆಸರಿನ ಜೊತೆ ಪೂರ್ಣ ಹೆಸರೂ ಇರಲಿ. ಬರೀ 'ಪಾಟೀಲ' ಎಂದರೆ ನಮ್ಮ ಕಡೆ ಯಾರನ್ನೆಂದು ಹುಡುಕುವುದು? ಎರಡೂ ತಂಡದಿಂದ ಒಬ್ಬೊಬ್ಬ ಸ್ಕೋರರ್ ಕೂರಲಿ, ಇನಿಂಗ್ಸ್ ಮುಗಿದಾಗ ಬ್ಯಾಟಿಂಗ್ ಕಡೆಯಿಂದಲೂ ಬೌಲಿಂಗ್ ಕಡೆಯಿಂದಲೂ ಕೂಡಿಸಿ ಸಹಿ ಹಾಕಲಿ. ಮಳೆ, ಗಾಯ, ವಾದ, ಯಾರಾದರೂ ಎಡಗೈಯಲ್ಲಿ ಆಡಿದ ವಿಶೇಷ ಏನಿದ್ದರೂ ಅಂಚಿನಲ್ಲಿ ಬರೆಯಲಿ. ಪಂದ್ಯಾವಳಿ ಮುಗಿದ ಮೇಲೆ ಎಲ್ಲ ಹಾಳೆ ಒಟ್ಟಿಗೆ ಹೊಲಿದು ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಹೈಸ್ಕೂಲಿಗೋ ಕೊಡಲಿ. ದೈಹಿಕ ಶಿಕ್ಷಣದ ಶಿಕ್ಷಕರು ಆಡುವ ಮಕ್ಕಳ ಜೊತೆಗೆ ಬರೆಯುವ ಮಕ್ಕಳನ್ನೂ ತಯಾರು ಮಾಡಲಿ. ಬಿಸಿಸಿಐ ಸ್ಕೋರರ್‌ಗಳಿಗೆಂದೇ ಪರೀಕ್ಷೆ ನಡೆಸುತ್ತದೆ, ಇದು ಗೌರವದ ಕಸುಬು ಎಂಬುದೂ ಅವರಿಗೆ ತಿಳಿಯಲಿ.

ಬಹುಮಾನ ವಿತರಣೆಯ ದಿನ ಪಂದ್ಯಶ್ರೇಷ್ಠ, ಸರಣಿಶ್ರೇಷ್ಠ ಎಂದು ಹೆಸರು ಕರೆಯುವಾಗ ಸ್ಕೋರರನ ಹೆಸರನ್ನೂ ಕರೆದು ಒಂದು ಶಾಲು ಹೊದಿಸಿ. ಊರಿನ ಆಟಗಾರರಲ್ಲಿ ಯಾರು ದೊಡ್ಡವರಾಗುತ್ತಾರೆಂದು ಇಂದು ಯಾರಿಗೂ ಗೊತ್ತಿಲ್ಲ. ಯಾರೇ ಆಗಲಿ, ಅವರು ಮೊದಲು ಎಲ್ಲಿ, ಯಾರೆದುರು, ಎಷ್ಟು ಓವರ್ ಹಾಕಿದರೆಂದು ನಾಳೆ ಕೇಳುವವರಿಗೆ ಉತ್ತರ ಕೊಡುವವನು ಆ ಹುಡುಗನೇ.